ಇಪ್ಪತ್ತೆರಡು ಸುತ್ತು

ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆ ಇಬ್ಬರು, ಕೆಳಗೆ ಇಬ್ಬರು, ನಡುವೆ ಗೋಡೆಗೂ ಕಂಬಿಗೂ ಒತ್ತಿಕೊಂಡು ಪೆಟ್ಟಿಗೆ. ಅತ್ತ ಎಳೆದರೆ ಗೋಡೆಯ ಸುಣ್ಣ ಉದುರುತ್ತಿತ್ತು, ಇತ್ತ ತಳ್ಳಿದರೆ ಕಂಬಿ ಕಿರ್ರೆನ್ನುತ್ತಿತ್ತು.

"ತಲೆ ಕಡೆ ಎತ್ತಿ, ಇನ್ನೂ ಎತ್ತಿ," ಎಂದು ಕೆಳಗಿನಿಂದ ಅಳಿಯ ಕೂಗಿದ. ಅಳಿಯ ಬಡಗಿ. ಪೆಟ್ಟಿಗೆ ಮಾಡಿದವನು ಅವನೇ.

"ಅಳತೆ ತಗೊಂಡಿದ್ಯೋ ಇಲ್ವೋ?" ಮೇಲ್ಗಡೆ ಹಿಡಿದುಕೊಂಡಿದ್ದ ಮೇಷ್ಟ್ರು ಏದುಸಿರು ಬಿಡುತ್ತ ಕೇಳಿದರು.

"ಮಾವನ ಅಳತೆ ತಗೊಂಡಿದ್ದೆ ಮೇಷ್ಟ್ರೇ. ಮೆಟ್ಟಿಲಿಂದು ತಗೊಂಡಿರ್ಲಿಲ್ಲ."

ಅಳುತ್ತಿದ್ದವರಿಗೂ ನಗು ತಡೆಯಲಾಗಲಿಲ್ಲ. "ಬದುಕಿದ್ದಾಗ ಯಾರ ದಾರಿಗೂ ಅಡ್ಡ ಬಂದವರಲ್ಲ ನಮ್ಮ ಬೀಗರು, ಈಗ ನೋಡಿ ಹಟಾನ," ಎಂದು ಅಳಿಯನ ತಾಯಿ ಮೂಗು ಒರೆಸಿಕೊಂಡರು. ಕೊನೆಗೆ ಕಂಬಿಯ ಎರಡು ತಿರುಪು ಬಿಚ್ಚಿ, ಪೆಟ್ಟಿಗೆಯನ್ನು ಓರೆಯಾಗಿಸಿ ಇಳಿಸಿದ್ದಾಯಿತು. ಒಳಗೆ ಅಪ್ಪ ಒಂದು ಕಡೆಗೆ ಜಾರಿದ ಸದ್ದು ಮಗಳಿಗೆ ಸ್ಪಷ್ಟವಾಗಿ ಕೇಳಿಸಿತು.

ಮಗಳು ಐವತ್ತರ ಹೆಂಗಸು, ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಸಾವು ಅವಳಿಗೆ ಹೊಸದಲ್ಲ. ಆದರೆ ಎಷ್ಟೋ ಜನರಿಗೆ ಕೊನೆಯ ಬಟ್ಟೆ ಹೊದಿಸಿದ ಕೈ ಈ ಬೆಳಿಗ್ಗೆ ಅಪ್ಪನ ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿ ಮತ್ತೆ ಬಿಚ್ಚಿತ್ತು.

ಹೊರಗೆ ಓಣಿ ತುಂಬ ಜನ. ಕೆಳಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸತ್ತವರು ಮಂತ್ರಿಯಲ್ಲ, ಸೇನಾಪತಿಯಲ್ಲ, ಕೆಳಪೇಟೆಯಲ್ಲಿ ಹುಟ್ಟಿದವರೂ ಅಲ್ಲ. ಗುಡ್ಡದ ಮೇಲಿನ ಮೇಲ್ಪೇಟೆಯವರು. ನೀರು ಸರಬರಾಜಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನೀರು ಬಿಡುವ ಕೆಲಸ ಮಾಡಿದವರು. ಬೆಳಿಗ್ಗೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೋಗುವುದು, ರಸ್ತೆ ಬದಿಯ ಗುಂಡಿಯ ಮುಚ್ಚಳ ತೆಗೆಯುವುದು, ವಾಲ್ವ್ ತಿರುಗಿಸುವುದು, ಮತ್ತೆ ಮುಚ್ಚುವುದು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಊರಿನಲ್ಲಿ ಅವರಷ್ಟು ಸಿರಿವಂತರು ಇನ್ನೊಬ್ಬರಿರಲಿಲ್ಲ.

ಕೆಳಪೇಟೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡವರಿಗೆ ಅವರು 'ಎರಡು ಸುತ್ತಿನವರು', ಮಕ್ಕಳಿಗೆ 'ಎರಡು ಸುತ್ತಿನ ತಾತ'.

*

ನಲವತ್ತೊಂದು ವರ್ಷದ ಹಿಂದೆ ಕೆಳಪೇಟೆಯವರು ಸೇತುವೆ ದಾಟಿ ಮೇಲ್ಪೇಟೆಗೆ ಬರಬೇಕಾದರೆ ಚೀಟಿ ತೋರಿಸಬೇಕಿತ್ತು. ಓಟು ಅವರಿಗಿರಲಿಲ್ಲ. ಮೇಲ್ಪೇಟೆಯ ಶಾಲೆಯಲ್ಲಿ ಅವರ ಮಕ್ಕಳಿಗೆ ಜಾಗವಿರಲಿಲ್ಲ. ಮೊದಲು ಅರ್ಜಿ ಕೊಟ್ಟರು, ಆಮೇಲೆ ಮೆರವಣಿಗೆ ಹೊರಟರು. ಮೆರವಣಿಗೆಯ ಮೇಲೆ ಗುಂಡು ಹಾರಿದ ಮರುದಿನ ಅವರೂ ಬಂದೂಕು ಹಿಡಿದರು. ದೇಶದುದ್ದಕ್ಕೂ ಹೊತ್ತಿಕೊಂಡ ಬೆಂಕಿ ಈ ಊರನ್ನು ನಡುವಿಗೆ ಸೀಳಿತು. ಸೈನ್ಯ ಕೆಳಪೇಟೆಯನ್ನು ಮುತ್ತಿತು, ನೀರು ನಿಲ್ಲಿಸಿ ಎಂದು ಕಚೇರಿಗೆ ಆಜ್ಞೆ ಬಂತು.

ಎಂಬತ್ತಮೂರು ದಿನ. ಆ ಎಂಬತ್ತಮೂರು ದಿನವೂ ಕೆಳಪೇಟೆಯ ಅತಿ ತಗ್ಗಿನ ಓಣಿಯ ನಲ್ಲಿಗಳಲ್ಲಿ ಕಿರುಬೆರಳು ಗಾತ್ರದ ನೀರು ಬರುತ್ತಲೇ ಇತ್ತು. ಆ ನೀರೇ ಮೂರು ಸಾವಿರ ಜನರ ಜೀವ ಹಿಡಿದಿದ್ದು. ಎಲ್ಲಿಂದ ಬರುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಯುದ್ಧ ಮುಗಿದು ರಾಜಿಯಾದ ಮೇಲೆ ಕೆಳಪೇಟೆಯ ಕೊಳಾಯಿ ಕೆಲಸದವನೊಬ್ಬ ಬಕೆಟ್ಟು, ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಿದ: "ಇಷ್ಟು ನೀರು ಬರ್ಬೇಕು ಅಂದ್ರೆ ವಾಲ್ವು ಎರಡು ಸುತ್ತು ತೆರೆದಿರ್ಲೇಬೇಕು. ಮುಚ್ಚಿದೋನು ಬೇಕಂತಲೇ ಎರಡು ಸುತ್ತು ಬಿಟ್ಟಿದಾನೆ."

ಅಷ್ಟೇ ಸಾಕಾಯಿತು. ಮುಂದಿನ ವಾರ ಇಪ್ಪತ್ತು ಜನ ಗುಡ್ಡ ಹತ್ತಿ ನೀರು ಬಿಡುವವರ ಮನೆಗೆ ಬಂದರು. ಮುಂದೆ ಮೇಷ್ಟ್ರು, ಆಗ ಇನ್ನೂ ಮೀಸೆ ಕಪ್ಪಗಿದ್ದವರು. ಹೆಂಡತಿ ಸತ್ತು ಒಂಬತ್ತರ ಮಗಳನ್ನು ಒಬ್ಬರೇ ಸಾಕುತ್ತಿದ್ದ ಮನುಷ್ಯ ಪಾತ್ರೆ ತಿಕ್ಕುವ ಕೈಯಲ್ಲೇ ಬಾಗಿಲು ತೆರೆದರು.

"ಜೀವ ಪಣಕ್ಕಿಟ್ಟು ನಮಗೆ ನೀರು ಬಿಟ್ಟವರು ನೀವು," ಎಂದರು ಮೇಷ್ಟ್ರು.

"ಇಲ್ಲ ಸ್ವಾಮಿ, ನಾನೇನೂ ಮಾಡ್ಲಿಲ್ಲ."

"ನೋಡಿ, ದೊಡ್ಡವರ ಮಾತು ಹೀಗಿರುತ್ತೆ!"

"ಹಾಗಲ್ಲ, ನನಗೆ ಹೇಳಿದ ಕೆಲಸ..." ಎಂದು ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಮುದುಕ ಅವರ ಕಾಲು ಹಿಡಿದುಬಿಟ್ಟ. ಮೇಲ್ಪೇಟೆಯವರು ಅವರನ್ನು ದ್ರೋಹಿ ಎಂದು ಮಾತು ಬಿಟ್ಟರು. ಕೆಳಪೇಟೆಯವರು ಓಣಿಯಲ್ಲಿ ಎರಡಂತಸ್ತಿನ ಪುಟ್ಟ ಮನೆ ಕೊಟ್ಟರು. ಮಗಳು ಕೆಳಪೇಟೆಯ ಶಾಲೆಗೆ ಹೋದಳು, ಕೆಳಪೇಟೆಯ ಬಡಗಿಯನ್ನು ಮದುವೆಯಾದಳು. ಮೇಲಿನವರ ಹುಡುಗಿಯೊಬ್ಬಳನ್ನು ಆ ಓಣಿ ಮನೆ ತುಂಬಿಸಿಕೊಂಡದ್ದು ಆ ಎರಡು ಸುತ್ತಿನಿಂದ.

ಅದರಲ್ಲೂ ಅವಳ ಅತ್ತೆ. ಅತ್ತೆಗೆ ಇಬ್ಬರು ಗಂಡುಮಕ್ಕಳಿದ್ದರು. ಮುತ್ತಿಗೆಯ ಹೊತ್ತಿಗೆ ದೊಡ್ಡವನಿಗೆ ಹದಿನಾಲ್ಕು. ನಲ್ಲಿಯ ಸಾಲು ಕರಗುವುದೇ ಇಲ್ಲವೆಂದು ಬೇಸತ್ತು ಎರಡು ಡಬ್ಬಿ ಹಿಡಿದು ಹೊಳೆಗೆ ಇಳಿದ. ಸೇತುವೆಯ ಮೇಲಿನಿಂದ ಒಂದೇ ಗುಂಡು. "ಆ ಎರಡು ಸುತ್ತು ಇಲ್ದಿದ್ರೆ ಚಿಕ್ಕವನನ್ನೂ ಹೊಳೆಗೆ ಕಳಿಸ್ಬೇಕಾಗ್ತಿತ್ತು. ನಿನ್ನ ಗಂಡನನ್ನ ಉಳಿಸಿಕೊಟ್ಟಿದ್ದು ನಿಮ್ಮಪ್ಪ ಕಣೇ," ಎಂದು ಅತ್ತೆ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೇಳಿ ಬೀಗರ ತಟ್ಟೆಗೆ ಇನ್ನೊಂದು ತುತ್ತು ಬಡಿಸುತ್ತಿದ್ದರು. ಬೀಗರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

*

ಪೆಟ್ಟಿಗೆಯನ್ನು ಹಜಾರದಲ್ಲಿಟ್ಟು, ಮುಚ್ಚಳ ಸರಿಸಿ, ಮಗಳು ಅಪ್ಪನನ್ನು ಮತ್ತೆ ನೇರ ಮಾಡುತ್ತಿದ್ದಳು. ಗಂಡಸರು ಗಾಡಿ ತರಲು ಹೋಗಿದ್ದರು. ಅತ್ತೆ ಹೊರಗೆ ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದರು. ಆಗ ಬಾಡಿಗೆ ಕಾರಿನಿಂದ ಒಬ್ಬ ಮುದುಕರು ಇಳಿದು, ಕೋಲೂರಿಕೊಂಡು ಒಳಗೆ ಬಂದರು. ತೊಂಬತ್ತರ ಹತ್ತಿರ ವಯಸ್ಸು, ಇಸ್ತ್ರಿ ಕೆಡದ ಕೋಟು.

"ನೀನು ಮಗಳಲ್ವೇನಮ್ಮ? ನಿಮ್ಮಪ್ಪನಿಗೆ ಊಟದ ಡಬ್ಬಿ ತರ್ತಿದ್ದೆ. ನಾನು ಕಚೇರಿಯ ಎಂಜಿನಿಯರ್ ಆಗಿದ್ದೆ. ಮುತ್ತಿಗೆ ಮುಗಿದ ವಾರವೇ ಬೇರೆ ಊರಿಗೆ ವರ್ಗ ಆಯ್ತು."

ಅವಳಿಗೆ ಗುರುತು ಹತ್ತಿತು. ಕುರ್ಚಿ ಎಳೆದು ಕೂರಿಸಿದಳು. ಅವರು ಪೆಟ್ಟಿಗೆಯೊಳಗಿನ ಮುಖವನ್ನು ತುಂಬ ಹೊತ್ತು ನೋಡಿದರು. ಕಣ್ಣಲ್ಲಿ ನೀರು ತುಂಬಿತು.

"ಇಂಥ ಕೆಲಸಗಾರನನ್ನ ನನ್ನ ಜೀವಮಾನದಲ್ಲಿ ಇನ್ನೊಬ್ಬನನ್ನ ಕಾಣ್ಲಿಲ್ಲಮ್ಮ." ಆಮೇಲೆ ದನಿ ತಗ್ಗಿಸಿ, "ಹೊರಗಡೆ ಅದೇನೋ ಎರಡು ಸುತ್ತು, ಎರಡು ಸುತ್ತು ಅಂತಿದಾರಲ್ಲ, ಏನದು?"

"ನಿಮಗೆ ಗೊತ್ತಿಲ್ವಾ ಸಾಹೇಬ್ರೇ? ಆಗ ಅಪ್ಪ ವಾಲ್ವನ್ನ ಪೂರ್ತಿ ಮುಚ್ಚದೆ ಎರಡು ಸುತ್ತು ಬಿಟ್ಟಿದ್ರಲ್ಲ. ಅದಕ್ಕೇ ಇಲ್ಲಿ ನೀರು ಬಂತು."

ಮುದುಕರ ಮುಖ ಕೆಂಪಾಯಿತು. ಕೋಲನ್ನು ನೆಲಕ್ಕೆ ಕುಟ್ಟಿದರು.

"ಯಾರಮ್ಮ ಹೇಳಿದ್ದು ಇದನ್ನ? ಸತ್ತವರ ಮೇಲೆ ಇಂಥ ಅಪವಾದ ಹೊರಿಸ್ಬಾರದು. ನಿಮ್ಮಪ್ಪ ಅಂಥ ಕಳ್ಳಕೆಲಸ ಮಾಡೋ ಮನುಷ್ಯನೇ ಅಲ್ಲ!"

ಹೊರಗೆ ಕೇಳಿಸೀತೆಂದು ಅವಳು ಬಾಗಿಲನ್ನು ಮುಂದೆ ಮಾಡಿದಳು.

"ಇಪ್ಪತ್ತೆರಡು ಸುತ್ತೂ ಮುಚ್ಚಿದ್ದ. ಆ ವಾಲ್ವಿನ ಒಳಗಿನ ತಟ್ಟೆ ಸವೆದುಹೋಗಿತ್ತು, ಪೂರ್ತಿ ಮುಚ್ಚಿದ್ರೂ ನೀರು ಹಿಡೀತಿರ್ಲಿಲ್ಲ. ಅದನ್ನ ಕಂಡುಹಿಡಿದವನೂ ಅವನೇ. ನಾನು ಕೇಳಿರ್ಲಿಲ್ಲ, ಸೈನ್ಯದವರೂ ಕೇಳಿರ್ಲಿಲ್ಲ. ತಾನಾಗೇ ಬಂದು ಬರೆದುಕೊಟ್ಟ." ಕೋಟಿನ ಒಳಜೇಬಿನಿಂದ ಮಡಚಿದ ಕಾಗದ ತೆಗೆದರು. "ಆ ಗಲಾಟೆಯಲ್ಲಿ ಅರ್ಧ ಕಚೇರಿ ಓಡಿಹೋಗಿತ್ತು. ಕರ್ತವ್ಯ ಅಂದ್ರೆ ಹೀಗಿರ್ಬೇಕು ಅಂತ ಹೊಸದಾಗಿ ಸೇರಿದವರಿಗೆಲ್ಲ ಇದನ್ನ ತೋರಿಸ್ತಿದ್ದೆ. ಇವತ್ತು ಸ್ಮಶಾನದಲ್ಲಿ ಓದಿ ಅಂತ ತಂದೆ."

ಅಪ್ಪನ ಅಕ್ಷರ. ಅವಳಿಗೆ ಅ ಆ ಇ ಈ ತಿದ್ದಿಸಿದ ಅದೇ ದುಂಡಗಿನ, ತಪ್ಪಿಲ್ಲದ ಅಕ್ಷರ.

'ಮಾನ್ಯರೇ, ಕೆಳಪೇಟೆ ಸಾಲಿನ ವಾಲ್ವನ್ನು ತಮ್ಮ ಆಜ್ಞೆಯಂತೆ ಪೂರ್ತಿ ಇಪ್ಪತ್ತೆರಡು ಸುತ್ತು ಮುಚ್ಚಿರುತ್ತೇನೆ. ಆದರೂ ಒಳತಟ್ಟೆ ಸವೆದಿರುವುದರಿಂದ ಸ್ವಲ್ಪ ನೀರು ಇಳಿದು ಹೋಗುತ್ತಿದೆ. ಬೇರೆ ತಟ್ಟೆ ಕೊಡಿಸಿದಲ್ಲಿ ಒಂದು ಗಂಟೆಯೊಳಗೆ ಸರಿಪಡಿಸುತ್ತೇನೆ.'

"ತಟ್ಟೆ ಕೊಡಿಸ್ಲಿಲ್ವಾ?" ಅವಳ ದನಿ ಅವಳಿಗೇ ಬೇರೆಯವರದೆನಿಸಿತು.

"ಎಲ್ಲಿಂದ ಕೊಡಿಸ್ಲಮ್ಮ? ಉಗ್ರಾಣದವನು ಕೀಲಿಕೈ ಸಮೇತ ಓಡಿಹೋಗಿದ್ದ. ನಿಮ್ಮಪ್ಪ ಪಾಪ, ಎರಡು ಸಲ ಬಂದು ನೆನಪು ಮಾಡಿದ." ಅವರು ಎದ್ದರು. ಸ್ಮಶಾನದವರೆಗೆ ಬರಲು ಕಾಲು ಬಿಡುವುದಿಲ್ಲ ಎಂದರು. ಹೊರಡುವಾಗ ಅವಳ ತಲೆ ಸವರಿ, "ಆ ಎರಡು ಸುತ್ತಿನ ಮಾತು ಮಾತ್ರ ನಿಲ್ಲಿಸ್ಬಿಡು," ಎಂದರು.

ಅವಳು ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ ನೋಡಿದಳು. ಅಪ್ಪನ ಮುಖ ಎಂದಿನಂತೆ ಶಾಂತವಾಗಿತ್ತು. ಅದನ್ನು ನೋಡಿ ಅವಳಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

*

ಅವಳಿಗೆ ನೆನಪಿತ್ತು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಅಂಕಿ ಕಲಿತದ್ದೇ ಅವಳು ವಾಲ್ವಿನ ಸುತ್ತುಗಳಿಂದ. ಊಟದ ಡಬ್ಬಿ ಹಿಡಿದು ಗುಂಡಿಯ ಅಂಚಿನಲ್ಲಿ ಕುಳಿತು ಅಪ್ಪನ ಜೊತೆ ಎಣಿಸುವುದು ಅವಳ ಆಟ. ಮಾರುಕಟ್ಟೆಯ ವಾಲ್ವಿಗೆ ಹದಿನಾಲ್ಕು, ಆಸ್ಪತ್ರೆಯದಕ್ಕೆ ಹದಿನೆಂಟು, ಕೆಳಪೇಟೆಯದಕ್ಕೆ ಇಪ್ಪತ್ತೆರಡು. ಆ ದಿನವೂ ಹಾಗೇ ಕುಳಿತಿದ್ದಳು. ಕಾವಲಿಗೆಂದು ಜೊತೆಗೆ ಬಂದ ಸಿಪಾಯಿ ಅತ್ತ ತಿರುಗಿ ನಿಂತು ಬೀಡಿ ಸೇದುತ್ತಿದ್ದ. ಅಪ್ಪ ಎಷ್ಟು ಸುತ್ತು ತಿರುಗಿಸಿದರೂ ಅವನಿಗೆ ತಿಳಿಯುವಂತಿರಲಿಲ್ಲ.

ಇಪ್ಪತ್ತಾದ ಮೇಲೆ ಕೀಲಿ ಬಿಗಿಯಾಯಿತು. ಅಪ್ಪ ನಿಂತರು. ಅಂಗೈ ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಕಾಲನ್ನು ಗುಂಡಿಯ ಅಂಚಿಗೆ ಒತ್ತಿ, ಎದೆಯ ಬಲವನ್ನೆಲ್ಲ ಕೊಟ್ಟು ತಿರುಗಿಸಿದರು.

"ಇಪ್ಪತ್ತೊಂದು," ಎಂದಳು ಮಗಳು.

"ಹ್ಞೂಂ."

"ಇಪ್ಪತ್ತೆರಡು!" ಎಂದು ಚಪ್ಪಾಳೆ ತಟ್ಟಿದಳು.

ಆಮೇಲೆ ಇಬ್ಬರೂ ಮರದ ಕೆಳಗೆ ಕುಳಿತು ಊಟ ಮಾಡಿದರು.

ಯುದ್ಧ ಮುಗಿದ ಮೇಲೆ ಊರೆಲ್ಲ ಇಪ್ಪತ್ತು ಎಂದಾಗ ಅವಳು ತನ್ನ ನೆನಪೇ ತಪ್ಪಿರಬೇಕು ಎಂದುಕೊಂಡಳು. ಒಂಬತ್ತು ವರ್ಷದವಳ ಎಣಿಕೆ, ಎಲ್ಲೋ ಎರಡು ಹೆಚ್ಚು ಸೇರಿರಬೇಕು. ಕ್ರಮೇಣ ಇಪ್ಪತ್ತಕ್ಕೇ ನಿಂತ ಕೀಲಿಯನ್ನು ಕಣ್ಣಾರೆ ಕಂಡಂತೆ ಅವಳೂ ಗೆಳತಿಯರಿಗೆ ಹೇಳತೊಡಗಿದಳು. ಅಪ್ಪನಿಗೆ ಕೆಳಪೇಟೆಯವರ ಮೇಲೆ ದ್ವೇಷವಿತ್ತೇ? ಇರಲಿಲ್ಲ. ದ್ವೇಷವಿದ್ದಿದ್ದರೆ ಎಲ್ಲಾದರೂ ಒಮ್ಮೆ ಬಾಯಿ ಮಾಡುತ್ತಿದ್ದರು. ವಾಲ್ವು ಸೋರುತ್ತಿತ್ತು, ಸೋರುವುದನ್ನು ಸರಿಪಡಿಸುವುದು ಅವರ ಕೆಲಸವಾಗಿತ್ತು.

*

ಸ್ಮಶಾನ ಸೇತುವೆಯ ಆಚೆ. ಈಗ ಅಲ್ಲಿ ಯಾರೂ ಚೀಟಿ ಕೇಳುವುದಿಲ್ಲ. ಗಾಡಿಯ ಹಿಂದೆ ಜನ ಸಾಲಾಗಿ ನಡೆದರು. ಮಗಳು ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಸಾಹೇಬರು ಕೊಟ್ಟುಹೋದ ಕಾಗದ ಬೆವರಿಗೆ ಒದ್ದೆಯಾಗಿತ್ತು. ಹೇಳಿಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆ, ಓಣಿ, ಅತ್ತೆಯ ಪಕ್ಕದಲ್ಲಿ ಊಟಕ್ಕೆ ಕೂರುವ ಜಾಗ, ಎಲ್ಲ ಆ ಎರಡು ಸುತ್ತಿನ ಮೇಲೆ ನಿಂತದ್ದು. ಹೇಳದಿದ್ದರೂ ನಡೆದುಹೋಗುತ್ತದೆ. ಸುಮ್ಮನಿದ್ದುಬಿಡೋಣ ಎಂದು ಅವಳು ಗುಂಡಿಯವರೆಗೂ ಗಟ್ಟಿ ಮನಸ್ಸು ಮಾಡಿಕೊಂಡು ಬಂದಳು.

ಪೆಟ್ಟಿಗೆ ಇಳಿಸಿದ ಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ನಿಂತರು.

"ಕಲ್ಲಿನ ಮೇಲೆ ಇವರ ಹೆಸರು ಬೇಡ, 'ಎರಡು ಸುತ್ತು' ಅಂತ ಕೆತ್ತಿಸಿದ್ರೆ ಸಾಕು ಅಂತ ನಾವೆಲ್ಲ ತೀರ್ಮಾನ ಮಾಡಿದೀವಿ. ಮೊದಲ ಹಿಡಿ ಮಣ್ಣು ಇವರ ಬೀಗಿತ್ತಿ ಹಾಕ್ಲಿ. ಆ ನೀರಿಗೋಸ್ಕರ ಮಗನನ್ನ ಕೊಟ್ಟ ತಾಯಿ. ಅವರಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?"

ಅತ್ತೆ ಸೊಂಟ ಹಿಡಿದುಕೊಂಡು ಬಗ್ಗಿದರು. ಎಪ್ಪತ್ತೆಂಟರ ಕೈ ಮಣ್ಣು ತುಂಬಿಕೊಂಡಿತು. "ಹೋಗಿ ಬನ್ನಿ ಬೀಗರೇ, ನಿಮ್ಮ ಋಣ ತೀರ್ಸೋಕಾಗಲ್ಲ," ಎಂದು ಕೈ ಮುಂದೆ ಮಾಡಿದರು.

"ಅತ್ತೆ, ತಡೀರಿ."

ಎಲ್ಲರೂ ತಿರುಗಿದರು.

"ಹಾಕ್ಬೇಡಿ. ಅಪ್ಪ ಬಿಟ್ಟಿರ್ಲಿಲ್ಲ. ಇಪ್ಪತ್ತೆರಡು ಸುತ್ತೂ ಮುಚ್ಚಿದ್ರು. ವಾಲ್ವು ಕೆಟ್ಟಿತ್ತು, ಅದಕ್ಕೇ ನೀರು ಬಂತು. ಅಪ್ಪ... ಅಪ್ಪ ಏನೂ ಮಾಡ್ಲಿಲ್ಲ."

ಮೇಷ್ಟ್ರು ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ತುಟಿ ಅದುರಿತು, ಕಣ್ಣು ತುಂಬಿತು, ಮುಖದಲ್ಲಿ ನಗು ಅರಳಿತು.

"ಕೇಳಿದ್ರಾ? 'ನಾನೇನೂ ಮಾಡ್ಲಿಲ್ಲ.' ಅವತ್ತು ಬಾಗಿಲಲ್ಲಿ ನಿಂತು ಅವರು ಹೇಳಿದ್ದೂ ಇದೇ ಮಾತು! ಅಪ್ಪನ ಮಗಳು, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಇಪ್ಪತ್ತೆರಡೂ ಮುಚ್ಚಿದ್ರೆ ನಾವು ಎಂಬತ್ತಮೂರು ದಿನ ಕುಡಿದಿದ್ದೇನಮ್ಮ, ಗಾಳಿನಾ?"

ಜನ ಅಳುತ್ತಲೇ ನಕ್ಕರು. ಯಾರೋ "ಎಂಥ ಮನೆತನ!" ಎಂದರು. ಗಂಡ ಹತ್ತಿರ ಬಂದು ಅವಳ ಭುಜ ಬಳಸಿ, "ಸಾಕು ಬಿಡು, ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ ನೀನು," ಎಂದ. ಜೇಬಿನಲ್ಲಿದ್ದ ಕಾಗದವನ್ನು ತೆಗೆದು ಎತ್ತಿ ಹಿಡಿದಿದ್ದರೆ ಆಗುತ್ತಿತ್ತು. ಅವಳ ಕೈಗೆ ಅಷ್ಟು ಧೈರ್ಯ ಬರಲಿಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು ಮಣ್ಣು ಹಾಕತೊಡಗಿದರು. ಗದ್ದಲದಲ್ಲಿ ಅತ್ತೆ ಹಾಕಿದರೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಮಗಳು ನೋಡಿದಳು. ಅತ್ತೆ ಹಾಕಿರಲಿಲ್ಲ. ಮುಷ್ಟಿ ಬಿಗಿದುಕೊಂಡು ಗುಂಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಸೊಸೆ ಬಂದ ಇಪ್ಪತ್ತಾರು ವರ್ಷದಲ್ಲಿ ಅವಳು ಒಂದು ಮಾತೂ ಉತ್ಪ್ರೇಕ್ಷೆ ಮಾಡಿದ್ದನ್ನು ಅವರು ಕೇಳಿರಲಿಲ್ಲ.

*

ಗಂಡಸರು ಮಣ್ಣು ಸರಿಮಾಡಲು ಉಳಿದರು. ಅತ್ತೆ ಸೊಸೆ ಇಬ್ಬರೇ ಮುಂದೆ ಹೊರಟರು. ಸೇತುವೆಯ ನಡುವೆ ಬಂದಾಗ ಅತ್ತೆ ನಿಂತರು. ಕೆಳಗೆ ಹೊಳೆ ಸಣ್ಣಗೆ ಹರಿಯುತ್ತಿತ್ತು.

"ಜೇಬಲ್ಲೇನಿದೆ?"

"ಕಾಗದ ಅತ್ತೆ. ಅಪ್ಪ ಬರೆದಿದ್ದು. ಅವರ ಸಾಹೇಬರು ಬೆಳಿಗ್ಗೆ ತಂದುಕೊಟ್ರು."

"ಓದು."

ಓದಿದಳು. ಒಂದು ಗಂಟೆಯೊಳಗೆ ಸರಿಪಡಿಸುತ್ತೇನೆ ಎನ್ನುವಲ್ಲಿ ದನಿ ಒಡೆಯಿತು. ಅತ್ತೆ ಹೊಳೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ತಾರೀಖು ಹಾಕಿದಾನಾ?"

ಆ ಏಕವಚನ ಅವಳ ಕಿವಿಗೆ ಕಾದ ಸಲಾಕೆಯಾಯಿತು. ಅಷ್ಟು ವರ್ಷದಲ್ಲಿ ಅತ್ತೆ ಅಪ್ಪನನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ತಾರೀಖು ಓದಿ ಹೇಳಿದಳು.

ಅತ್ತೆಯ ತುಟಿ ಸದ್ದಿಲ್ಲದೆ ಅಲ್ಲಾಡಿತು, ಏನನ್ನೋ ಎಣಿಸಿದರು. "ದೊಡ್ಡವನು ಹೋಗಿ ನಾಲ್ಕು ದಿನ ಆಗಿತ್ತು," ಎಂದರು. ಅಳಲಿಲ್ಲ, ಬೈಯಲಿಲ್ಲ. "ನಾಲ್ಕು ದಿನ ಆಗಿತ್ತು. ಅವತ್ತೂ ಅವನು ತಟ್ಟೆ ಕೊಡಿ ಅಂತ ಕೇಳ್ತಿದ್ನಾ?"

"ಅಪ್ಪನಿಗೆ ಗೊತ್ತಿರ್ಲಿಲ್ಲ ಅತ್ತೆ."

"ಆಮೇಲೆ ಗೊತ್ತಾಯ್ತಲ್ಲ. ಇಪ್ಪತ್ತಾರು ವರ್ಷ ನನ್ನ ಕೈಯೂಟ ಉಂಡ."

ಸೊಸೆ ಕಾಲಿಗೆ ಬೀಳಲು ಬಗ್ಗಿದಳು. ಅತ್ತೆ ಮುಂದೆ ನಡೆದುಬಿಟ್ಟರು. ಓಣಿಯ ಉದ್ದಕ್ಕೂ ಬಾಗಿಲುಗಳಲ್ಲಿ ನಿಂತ ಹೆಂಗಸರು ಸೊಸೆಯ ಕೈ ಹಿಡಿದು, "ನಿನ್ನ ಮಾತು ಕೇಳಿ ಕರುಳು ಕಿವುಚಿದ ಹಾಗಾಯ್ತಮ್ಮ," ಎಂದರು. ಅವಳು ಎಲ್ಲರಿಗೂ ತಲೆಯಾಡಿಸಿದಳು. ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಮನೆಯ ಮುಂದೆ ಬಂದು ನಿಂತರು. ತನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಸೊಸೆ ಹೊಸ್ತಿಲಾಚೆಯೇ ಉಳಿದಳು.

"ಬಾಗಿಲು ತೆಗಿ. ನನ್ನ ಕೈ ತುಂಬಿದೆ."

ತೆಗೆದಳು. ಅತ್ತೆ ನೇರ ಅಡುಗೆಮನೆಗೆ ಹೋಗಿ ತೊಟ್ಟಿಯ ಮುಂದೆ ನಿಂತು, "ನಲ್ಲಿ ಬಿಡು," ಎಂದರು.

ಸೊಸೆ ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಇಳಿಯಿತು. ಅತ್ತೆ ಅದರ ಕೆಳಗೆ ಮುಷ್ಟಿ ಹಿಡಿದರು. ಬೆರಳ ಸಂದುಗಳಿಂದ ಮೊದಲು ಕೆಂಪು ಮಣ್ಣಿನ ನೀರು ಸುರಿಯಿತು, ಆಮೇಲೆ ತಿಳಿಗೆಂಪು, ಆಮೇಲೆ ಬರಿಯ ನೀರು. ಅಷ್ಟಾದರೂ ಮುಷ್ಟಿ ಬಿಚ್ಚಲಿಲ್ಲ. ಬಿಗಿದ ಗೆಣ್ಣುಗಳು ಬೆಳ್ಳಗಾಗಿದ್ದವು. ಹೊರಗೆ ಮೇಷ್ಟ್ರ ದನಿಯೂ ಗಂಡನ ದನಿಯೂ ಹತ್ತಿರವಾಗುತ್ತಿದ್ದವು. ನೀರು ತೊಟ್ಟಿ ತುಂಬಿ, ಅಂಚು ಮೀರಿ, ಇಬ್ಬರ ಕಾಲ ಮೇಲೆ ಹರಿಯಿತು. ನಲ್ಲಿ ನಿಲ್ಲಿಸಲು ಸೊಸೆಯ ಕೈ ಮೇಲೇಳಲಿಲ್ಲ.